ಅರವತ್ಮೂರನೇ ಎಳಿ

ಬಂಕಾಪುರದ ಫೋಟೋ
ಬೆಟಗೇರಿ ಮುಟ್ಟೂದರಾಗ ನಾಕು ಕೈ ದಾಟಿತ್ತು.
ನಿಂಬೆವ್ವನ ಮೊಮ್ಮಗಳು ತಗದಳು,
ಆಕಿ ಅಣ್ಣ ಹಾನಗಲ್ಲಾಗ ಕುಂತು ಬೆಳಕು ಏರಿಸಿದ,
ಅವನ ಹೇಣ್ತಿ ಸುತ್ತಲಿನ ಗ್ವಾಡಿ ಕತ್ತರಿಸಿ
ತವರುಮನಿ ಗ್ರೂಪಿಗೆ ಹಾಕಿದಳು,
ಅಲ್ಲಿಂದ ಯಾರೋ ಎತ್ತಿ
ನನ್ನ ಮಗ ವಿಠ್ಠಲಸಾಗ ದಾಟಿಸಿದರು.

ಅಂಗೈಯಗಲದಾಗ ಚಂದನ ಕಂಡಿತು ಸೀರಿ:
ಕರೇ ಒಡಲು, ಕೆಂಪು ದಡಿ,
ದಡಿ ನಡುವ ನಾ ಎಂದೂ ಕಾಣದ ಒಂದು ಹೂ.
ಎರಡು ಬೆರಳಿಲೆ ಹಿಗ್ಗಿಸಿದೆ ನೋಡ್ರಿ,
ಹೂ ಕರಗಿ ಅಂಬಲಿ ಆತು.

ನಾನು ಗ್ರಾಫ್ ಹಾಳಿ ಬರಿಯಾಕಿ.
ಒಂದು ಎಳಿಗೆ ಒಂದು ಚೌಕ,
ಕೆಂಪಿದ್ರ ತುಂಬಬೇಕು, ಬಿಳಿ ಇದ್ರ ಬಿಡಬೇಕು,
ನಡುವಿನ ಮಾತು ನಮ್ಮ ಮಗ್ಗಕ್ಕ ತಿಳಿಯಂಗಿಲ್ಲ.
ಫೋನು ಮಾತ್ರ
ನಾಕು ಕೆಂಪು, ಒಂದು ಬಿಳಿ ಕೂಡಿಸಿ
ಐದಕ್ಕೂ ಒಂದ ಗುಲಾಬಿ ಬಳದು ಕುಂತಿತ್ತು.
ಯಾವ ಬಣ್ಣಗಾರ ಅದ್ದಿದ್ದ ಈ ಗುಲಾಬಿ?
ಯಾವ ರಾಟಿ ಸುತ್ತಿತ್ತು?

ವಿಠ್ಠಲಸಾ ಅಂದ, 'ತಡಿ ಅವ್ವಾ, ಶಾರ್ಪ್ ಮಾಡ್ತೇನಿ.'
ಒತ್ತಿದ. ಹೂವಿಗೆ ಚೂಪು ಬಂತು ಖರೆ,
ಇಲ್ಲದ ಎಳಿಗೆ ಕರೇ ಗೆರಿ ಮೂಡಿತು,
ಇದ್ದ ಎಳಿ ಇನ್ನಷ್ಟು ಒಳಗ ಹೋತು.
ಇನ್ನೊಂದು ಆ್ಯಪ್ ಹಚ್ಚಿದ.
ಅದು ತನ್ನ ಮನಸ್ಸಿಗೆ ಬಂದಂಗ
ಎಂಟು ಎಸಳಿನ ಕಮಲ ತಿದ್ದಿ ಕೊಟ್ಟಿತು.
'ಎಷ್ಟು ಚಂದ ಐತಿ!'
'ಚಂದ ಐತಿ. ನಿಂಬೆವ್ವನ ಸೀರಿ ಅಲ್ಲ.'

ಕಳದ ಎಳಿ ಬೆಳಕು ಏರಿಸಿದ್ರ ಬರತೈತೇನು?
ಕೆಳಗ ಬಿದ್ದದ್ದು ಎಷ್ಟು ಅಂತ
ಜರಡಿಗೆ ಕೇಳಿದ್ರ ಅದೇನು ಹೇಳೀತು.

ಬಂಕಾಪುರಕ್ಕ ನಾನ ಫೋನ್ ಹಚ್ಚಿದೆ.
'ಮಗಳ, ಇನ್ನೊಮ್ಮೆ ತಗಿ. ಮೊದ್ಲ
ಕ್ಯಾಮೆರಾದ ಕಣ್ಣು ಒರಸು, ಮೆತ್ತನ್ನ ಅರಿವಿಲೆ;
ಒಗ್ಗರಣಿ ಎಣ್ಣಿ ಕುಂತಿರತೈತಿ ಅಲ್ಲೆ.
ಸೀರಿ ಕಿಟಕಿ ಹಂತ್ಯಾಕ ಹಾಸು, ಬಿಸಿಲಾಗ ಬ್ಯಾಡ.
ಫ್ಲ್ಯಾಶ್ ಬ್ಯಾಡ. ಜೂಮ್ ಬ್ಯಾಡ, ನೀನ ಸನೇಕ ಹೋಗು.
ದಡಿ ಮಗ್ಗಲಕ ಒಂದು ಕಡ್ಡಿಪೆಟಗಿ ಇಡು, ಅಳತಿಗೆ.
ಉಸಿರು ಹಿಡದು ಒತ್ತು.
ಅಣ್ಣಗ ಕಳಸಬ್ಯಾಡ, ಗ್ರೂಪಿಗೂ ಹಾಕಬ್ಯಾಡ,
ನೆಟ್ಟಗ ನನಗ ಕಳಸು,
ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ.'

'ಡಾಕ್ಯುಮೆಂಟ್ ಅಂದ್ರ ಹೊಲದ ಉತಾರಾ ಅಲ್ಲೇನ್ರಿ ಅತ್ತೀ?'
'ಹೂಂ, ಹಂಗ ತಿಳಕೋ. ಸೀರಿ ಉತಾರಾ.'

ಹಿಂದಿನಿಂದ ಮುದುಕಿ ದನಿ:
'ನನ್ನ ಮಾರಿ ಹಿಂಗ ತಗದು ಕಳಸಬ್ಯಾಡ್ರೆವ್ವಾ,
ಮಂದಿ ಸುಕ್ಕು ಎಣಿಸ್ಯಾರು!'

ರಾತ್ರಿ ಹನ್ನೊಂದು ಗಂಟೆ. ಹನ್ನೆರಡು ಎಂಬಿ.
ಚಕ್ರ ತಿರುಗಿತು, ನಿಂತಿತು, ತಿರುಗಿತು,
ಓಣ್ಯಾಗಿನ ಮಗ್ಗ ಎಲ್ಲಾ ಮಲಗಿದ ಮ್ಯಾಲ ಬಂತು.
ಹಿಗ್ಗಿಸಿದೆ. ಹಿಗ್ಗಿತು.
ಇನ್ನೂ ಹಿಗ್ಗಿಸಿದೆ:
ಎಳಿ, ಎಳಿ ಮ್ಯಾಲಿನ ನವಿರು,
ಕಡ್ಡಿಪೆಟಗಿ ಮ್ಯಾಲಿನ ಬೆಲಿ ಸೈತ.

ಪೆನ್ಸಿಲ್ ಕೆತ್ತಿಕೊಂಡು ಕುಂತೆ.
ತುಂಬು, ತುಂಬು, ತುಂಬು, ತುಂಬು, ಬಿಡು.
ತುಂಬು, ತುಂಬು, ಬಿಡು.
ಅರವತ್ಮೂರನೇ ಎಳಿಗೆ ಕೈ ನಿಂತಿತು.

ಹರದಿತ್ತದು. ಹರದದ್ದನ್ನ ಯಾರೋ ಮಗ್ಗದ ಮ್ಯಾಲ
ಗಂಟು ಹಾಕಿದ್ರು, ಸಾಸಿವಿಕಾಳಿಗಿಂತ ಸಣ್ಣದು.
ನಮ್ಮ ಓಣಿ ಗಂಟು ಎಲ್ಲಾ ಬಲಕ್ಕ ಮಲಗತಾವ,
ಇದರ ಬಾಲ ಎಡಕ್ಕ ತಿರುಗಿತ್ತು.
ಎಡಚರು ಯಾರೋ.
ಗಂಡಸೋ, ಹೆಂಗಸೋ, ಯಾವ ಊರಿನ ಮಗ್ಗವೋ,
ನಿಂಬೆವ್ವಗೂ ಗೊತ್ತಿರಲಿಕ್ಕಿಲ್ಲ, ಆಕಿ ಅತ್ತಿ ಸೀರಿ ಅದು.

ವಿಠ್ಠಲಸಾ ನಿದ್ದಿಗಣ್ಣಿನಾಗ ಎದ್ದು ಬಂದು ನೋಡಿದ.
'ಡಾಗು ಐತಲ್ಲ. ತಗದು ಬಿಡ್ಲೇನು? ಒಂದ ಸೆಕೆಂಡು.'
'ನಿನ್ನ ಪ್ರತಿಯೊಳಗ ತಗಿ,' ಅಂದೆ,
'ಬೇಕಾದಂಗ ತಿದ್ದು, ಸಣ್ಣದು ಮಾಡು, ಸ್ಟೇಟಸ್ಸಿಗೆ ಹಾಕು.
ಇದನ್ನ ಮುಟ್ಟಬ್ಯಾಡ. ಇಂಥಾದ್ದ ಒಂದು ಪೆನ್‌ಡ್ರೈವಿನ್ಯಾಗ ಇಡು,
ಇನ್ನೊಂದು ನಿನ್ನ ಮೇಲಿನ್ಯಾಗ.'
ಹೂಂ ಅಂದವನು ಅಲ್ಲೆ ಮಗ್ಗದ ತೆಗ್ಗಿನ ಮಗ್ಗಲಕ
ಮತ್ತ ನಿದ್ದಿ ಹೋದ.

ಹಾಳಿ ಮ್ಯಾಲ ಅರವತ್ಮೂರನೇ ಚೌಕ
ತುಂಬಬೇಕೋ ಬಿಡಬೇಕೋ ತಿಳೀವಲ್ದು.
ಪೆನ್ಸಿಲ್ ತುದಿ ಒತ್ತಿ
ಒಂದು ಚುಕ್ಕಿ ಇಟ್ಟು
ಅರವತ್ನಾಕಕ್ಕ ಹೋದೆ.